ಒಂದೇ ಸಲ ಹತ್ತುವ ಬೆಟ್ಟ: ಪೈಕ್ಸ್ ಪೀಕ್‌ನಲ್ಲಿ ಒಂದು ವಾರ

ಸೋಮವಾರ

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ನಿಂದ ದಕ್ಷಿಣಕ್ಕೆ ಹೊರಟ ಮುಕ್ಕಾಲು ಗಂಟೆಗೆ ಬಲಗಡೆ ಪೈಕ್ಸ್ ಪೀಕ್ ಬೆಟ್ಟ ಕಾಣಿಸಿತು. ಸುತ್ತಲಿನ ಬೆಟ್ಟಗಳ ಮೈತುಂಬ ಕಾಡು. ಇದೊಂದರ ನೆತ್ತಿ ಮಾತ್ರ ಬೋಳು, ಜೂನ್ ಕೊನೆಯಲ್ಲೂ ಅಲ್ಲಲ್ಲಿ ಹಿಮದ ಪಟ್ಟಿ. ಕಾರು ಓಡಿಸುತ್ತಿದ್ದ ನನ್ನ ಚಿಕ್ಕಮ್ಮನ ಮಗ "ಅದೇ" ಅಂದ, ಅಷ್ಟೇ. ಆಮೇಲೆ ಊರು ತಲುಪುವವರೆಗೆ ಇಬ್ಬರೂ ಅದನ್ನೇ ನೋಡುತ್ತಿದ್ದೆವು.

ಅವನು ಒಂದು ಸಣ್ಣ ರೇಸಿಂಗ್ ತಂಡದಲ್ಲಿ ಟೈರು, ಬ್ರೇಕು ನೋಡಿಕೊಳ್ಳುತ್ತಾನೆ. ಐದೇ ಜನ, ಒಂದೇ ಕಾರು. ಈ ಸಲದ ಓಟಕ್ಕೆ ನೀನೂ ಬಾ, ಸಾಮಾನು ಎತ್ತಿ ಇಳಿಸೋಕೆ ಒಂದು ಜೊತೆ ಕೈ ಬೇಕು ಅಂತ ಕರೆದಿದ್ದ. ಟ್ರ್ಯಾಕ್ ರೇಸುಗಳನ್ನು ಚಿಕ್ಕಂದಿನಿಂದ ನೋಡಿದವನು ನಾನು. ಬೆಟ್ಟ ಹತ್ತುವ ರೇಸನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ.

ಲೆಕ್ಕ ಕೇಳಿದರೆ ಸರಳ ಅನ್ನಿಸುತ್ತದೆ. ಓಟ ಶುರುವಾಗುವ ಜಾಗವೇ 9,390 ಅಡಿ ಎತ್ತರದಲ್ಲಿದೆ, ಮುಗಿಯುವುದು 14,115 ಅಡಿಯ ಶಿಖರದಲ್ಲಿ. ನಡುವೆ 19.99 ಕಿಲೋಮೀಟರ್ ರಸ್ತೆ, 156 ತಿರುವು. ಕಾರುಗಳು ಒಂದೊಂದಾಗಿ ಹೊರಡುತ್ತವೆ, ಸ್ಪರ್ಧೆ ಗಡಿಯಾರದ ಜೊತೆ. ಟ್ರ್ಯಾಕ್‌ನಲ್ಲಾದರೆ ಒಂದು ಸುತ್ತಿನಲ್ಲಿ ಎಡವಿದರೆ ಮುಂದಿನ ಸುತ್ತಿನಲ್ಲಿ ಸರಿಪಡಿಸಿಕೊಳ್ಳಬಹುದು. ಇಲ್ಲಿ ಮುಂದಿನ ಸುತ್ತು ಅನ್ನುವುದೇ ಇಲ್ಲ. ವರ್ಷಕ್ಕೊಂದು ದಿನ, ಆ ದಿನ ಒಂದೇ ಓಟ.

ಸಂಜೆ ತಂಡ ಉಳಿದುಕೊಂಡಿದ್ದ ಮನೆಗೆ ಹೋದಾಗ ಅಂಗಳದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಒಬ್ಬರು ಕಣ್ಣು ಮುಚ್ಚಿ ಕೂತಿದ್ದರು. ಐವತ್ತರ ಆಸುಪಾಸು, ನರೆತ ಗಡ್ಡ. ಎರಡೂ ಕೈ ಗಾಳಿಯಲ್ಲಿ ಇಲ್ಲದ ಸ್ಟಿಯರಿಂಗ್ ಹಿಡಿದು ಆ ಕಡೆ ಈ ಕಡೆ ತಿರುಗುತ್ತಿದ್ದವು. ಎಡಗಾಲು ಆಗಾಗ ನೆಲವನ್ನು ಒತ್ತುತ್ತಿತ್ತು. ಮಾತಾಡಿಸಲು ಹೊರಟ ನನ್ನನ್ನು ತಮ್ಮ ತಡೆದ.

"ಈಗ ಬೇಡ ಅಣ್ಣ. ಬೆಟ್ಟ ಹತ್ತುತಾ ಇದಾರೆ."

ಅವರೇ ನಮ್ಮ ಚಾಲಕ. ವಾರದ ದಿನಗಳಲ್ಲಿ ಲಾರಿ ರಿಪೇರಿ ಮಾಡುವ ಗ್ಯಾರೇಜು ನಡೆಸುತ್ತಾರೆ.

ಮಂಗಳವಾರ

ಬೆಳಗಿನ ಜಾವ ಎರಡು ಗಂಟೆಗೆ ಎದ್ದೆವು. ಈ ರಸ್ತೆ ಮಿಕ್ಕ ದಿನಗಳಲ್ಲಿ ಪ್ರವಾಸಿಗರು ಸುಂಕ ಕೊಟ್ಟು ಹತ್ತುವ ರಸ್ತೆ. ಅಭ್ಯಾಸವೆಲ್ಲ ಬೆಳಕು ಹರಿದ ಮೇಲೆ, ಜನರಿಗೆ ಗೇಟು ತೆರೆಯುವುದಕ್ಕೆ ಮುಂಚೆ ಮುಗಿಯಬೇಕು. ಆ ಎರಡು ಮೂರು ತಾಸಿಗಾಗಿ ಕತ್ತಲಲ್ಲೇ ಗಾಡಿಗಳ ಸಾಲು ಬೆಟ್ಟ ಏರುತ್ತದೆ.

ರಸ್ತೆಯನ್ನು ಕೆಳಗಿನದು, ನಡುವಿನದು, ಮೇಲಿನದು ಅಂತ ಮೂರು ಪಾಲು ಮಾಡಿದ್ದಾರೆ. ಒಂದೊಂದು ಗುಂಪಿಗೆ ದಿನಕ್ಕೊಂದು ಪಾಲು. ಓಟದ ದಿನ ಬರುವ ತನಕ ಇಡೀ ರಸ್ತೆಯನ್ನು ಒಂದೇ ಉಸಿರಿಗೆ ರೇಸಿನ ವೇಗದಲ್ಲಿ ಯಾರೂ ಓಡಿಸುವಂತಿಲ್ಲ. ಮೂರು ತುಂಡುಗಳನ್ನು ತಲೆಯಲ್ಲೇ ಹೊಲಿದುಕೊಳ್ಳಬೇಕು. ಕುರ್ಚಿಯ ಮೇಲಿನ ಆ ಸವಾರಿ ಯಾಕೆ ಅಂತ ಆಗ ಅರ್ಥವಾಯಿತು.

ನಮ್ಮ ಪಾಲಿಗೆ ಬಂದದ್ದು ನಡುವಿನ ಭಾಗ, ಗ್ಲೆನ್ ಕೋವ್‌ನಿಂದ ಡೆವಿಲ್ಸ್ ಪ್ಲೇಗ್ರೌಂಡ್‌ವರೆಗೆ. ಗ್ಲೆನ್ ಕೋವ್ ದಾಟುತ್ತಿದ್ದಂತೆ ರಸ್ತೆ ಹಾವು ಮಗ್ಗುಲು ಬದಲಿಸಿದ ಹಾಗೆ ಮತ್ತೆ ಮತ್ತೆ ಹಿಂದಕ್ಕೇ ತಿರುಗುತ್ತದೆ. ಕೆಳಗಿನಿಂದ ನೋಡಿದರೆ ಡಬ್ಲ್ಯೂ ಅಕ್ಷರದ ಆಕಾರ, ಅದಕ್ಕೆ ಹೆಸರೂ ಅದೇ. ಬಹಳ ಕಡೆ ಅಂಚಿಗೆ ತಡೆಗೋಡೆ ಇಲ್ಲ. ರಸ್ತೆ ಮುಗಿದಲ್ಲಿ ಗಾಳಿ.

ಈ ಹಿಮ್ಮುರಿ ತಿರುವುಗಳಲ್ಲಿ ಒಬ್ಬೊಬ್ಬ ಚಾಲಕನ ಗುಣ ಬಯಲಾಗುತ್ತದೆ. ಏರುದಾರಿಯಲ್ಲಿ ಕಾರಿನ ತೂಕ ಹಿಂದಿನ ಚಕ್ರಗಳ ಮೇಲೆ ಕೂರುತ್ತದೆ, ಮುಂದಿನ ಚಕ್ರ ಹಗುರವಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಎಳೆಯುತ್ತದೆ. ಅದಕ್ಕೆ ತಿರುವಿನೊಳಗೆ ಹೋಗುವವರೆಗೂ ಬ್ರೇಕನ್ನು ಒಂದಿಷ್ಟು ಒತ್ತಿಯೇ ಇಟ್ಟುಕೊಂಡು ಮುಂದಿನ ಟೈರಿಗೆ ಭಾರ ಕೊಡಬೇಕು. ಮೂತಿ ತಿರುಗಿತು ಅನ್ನುವಾಗಲೇ ಬ್ರೇಕಿನಿಂದ ಕಾಲು ಜಾರಿಸಿ ಆಕ್ಸಿಲರೇಟರ್ ತುಳಿಯಬೇಕು. ಒಂದು ಕ್ಷಣ ಮುಂಚೆ ತುಳಿದರೆ ಕಾರು ಹೊರಗೆ ಸರಿಯುತ್ತದೆ. ತಡವಾದರೆ ಏರು ವೇಗವನ್ನು ನುಂಗಿಬಿಡುತ್ತದೆ, ನುಂಗಿದ್ದನ್ನು ಮುಂದಿನ ತಿರುವಿನವರೆಗೂ ವಾಪಸ್ ಕೊಡುವುದಿಲ್ಲ. ಸಮತಟ್ಟು ಟ್ರ್ಯಾಕ್‌ನಲ್ಲಿ ಇದೇ ತಪ್ಪಿಗೆ ಇಷ್ಟು ದಂಡ ಇಲ್ಲ.

ಕೆಲವು ಕಾರುಗಳು ಜೋರು ಸದ್ದು ಮಾಡಿಕೊಂಡು, ಹಿಂಭಾಗ ಜಾರಿಸಿಕೊಂಡು ಬಂದವು. ನೋಡಲು ಬಲು ಚೆಂದ. ನಮ್ಮವರ ಕಾರು ಹೆಚ್ಚು ಗದ್ದಲವಿಲ್ಲದೆ ಬಂದು ಹೋಯಿತು. ಯಾರಿಗೆ ಎಷ್ಟು ಸಮಯ ಹಿಡಿಯಿತು ಅನ್ನುವ ಪಟ್ಟಿ ನೋಡಿದರೆ ಜಾರಿಸಿದ ಕಾರುಗಳಲ್ಲಿ ಎರಡಕ್ಕಿಂತ ನಮ್ಮದೇ ಮುಂದೆ.

ಬುಧವಾರ

ಇವತ್ತು ಮೇಲಿನ ಪಾಲು. ಈ ವಾರದಲ್ಲಿ ನನಗೆ ಹೆಚ್ಚು ಕಲಿಸಿದ ದಿನ ಇದೇ.

ಮರಗಳ ಗಡಿ ದಾಟಿದ ಮೇಲೆ ಉಳಿಯುವುದು ಕೆಂಪು ಬಂಡೆ, ಚಳಿ, ಆಕಾಶ. ಶಿಖರಕ್ಕೆ ಸಾಮಾನು ಇಳಿಸಲು ಹೋದವನಿಗೆ ನಾಲ್ಕು ಹೆಜ್ಜೆಗೇ ಏದುಸಿರು. ಹಣೆಯ ಎರಡೂ ಬದಿ ಯಾರೋ ಅದುಮಿ ಹಿಡಿದ ಹಾಗೆ. ತಮ್ಮ ನನ್ನ ಮುಖ ನೋಡಿ, "ಹದಿನೇಳ ಎಂಟ್ಲ ಎಷ್ಟು ಹೇಳು" ಅಂದ. ಮಗ್ಗಿ ನನಗೆ ನೀರು ಕುಡಿದಷ್ಟು ಸಲೀಸು. ಆದರೂ ನೂರಾ ಮೂವತ್ತಾರು ಅನ್ನುವುದು ಬಾಯಿಗೆ ಬರಲು ಎಷ್ಟೋ ಹೊತ್ತು ಹಿಡಿಯಿತು. ಉತ್ತರ ಗೊತ್ತಿದೆ ಅನ್ನುವುದು ಗೊತ್ತಿತ್ತು, ಅದು ಇರುವ ಕೋಣೆಯ ಬಾಗಿಲು ಸಿಗುತ್ತಿರಲಿಲ್ಲ.

"ಇದೇ ತಲೆ ಇಟ್ಕೊಂಡು ಅವರು ಮುಂದಿನ ತಿರುವು ಯಾವ್ದು ಅಂತ ನೆನಪು ಮಾಡ್ಕೋಬೇಕು" ಅಂದ ತಮ್ಮ.

ಈ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 60 ಶೇಕಡಾ ಮಾತ್ರ. ಮನುಷ್ಯನಿಗೆ ಆದದ್ದೇ ಎಂಜಿನ್ನಿಗೂ ಆಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಶಿಖರ ಮುಟ್ಟುವಾಗ ತನ್ನ ಶಕ್ತಿಯಲ್ಲಿ ಹತ್ತಿರ ಹತ್ತಿರ ನೂರಕ್ಕೆ 40 ಪಾಲು ಕಳೆದುಕೊಂಡಿರುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಅಷ್ಟು ಸೊರಗುವುದಿಲ್ಲ, ಆದರೆ ಅದು ತೆಳು ಗಾಳಿಯಲ್ಲಿ ಇನ್ನೂ ಜೋರಾಗಿ ತಿರುಗಬೇಕು, ಇನ್ನೂ ಬಿಸಿಯಾಗುತ್ತದೆ. ಆ ಬಿಸಿಯನ್ನು ಕಳೆಯಲು ಬೇಕಾದ ಗಾಳಿಯೂ ತೆಳು. ಕಾರಿನ ಬೆನ್ನ ಮೇಲಿನ ರೆಕ್ಕೆಗಳು ಇಲ್ಲಿ ಯಾಕೆ ಮಂಚದಷ್ಟು ದೊಡ್ಡವು ಅನ್ನುವುದಕ್ಕೂ ಇದೇ ಉತ್ತರ. ಗಾಳಿ ತೆಳುವಾದಷ್ಟೂ ಅದು ಕಾರನ್ನು ರಸ್ತೆಗೆ ಒತ್ತುವ ಬಲ ಕಡಿಮೆ, ಆದ್ದರಿಂದ ಹೆಚ್ಚು ಗಾಳಿಯನ್ನು ಹಿಡಿಯಬೇಕು.

ಬ್ಯಾಟರಿ ಕಾರುಗಳಿಗೆ ಉಸಿರಿನ ಈ ಹಂಗಿಲ್ಲ. 2018ರಲ್ಲಿ ಫ್ರಾನ್ಸಿನ ರೋಮಾಂ ಡ್ಯೂಮಾ ಫೋಕ್ಸ್‌ವ್ಯಾಗನ್ ಕಂಪನಿಯ ಐಡಿ ಆರ್ ಎಂಬ ವಿದ್ಯುತ್ ಕಾರಿನಲ್ಲಿ 7 ನಿಮಿಷ 57.148 ಸೆಕೆಂಡಿಗೆ ಈ ಬೆಟ್ಟ ಹತ್ತಿದರು. ಎಂಟು ನಿಮಿಷದೊಳಗೆ ಹತ್ತಿದ ಮೊದಲಿಗರು ಅವರೇ. ಆ ವೇಗದಲ್ಲಿ ಲೆಕ್ಕ ಹಾಕಿದರೆ ಸರಾಸರಿ ಮೂರು ಸೆಕೆಂಡಿಗೊಂದು ತಿರುವು. ಪಕ್ಕದಲ್ಲಿ ಕೂತು ದಾರಿ ಓದಿ ಹೇಳುವವರಿಲ್ಲ. ಧೈರ್ಯ ಬೇಕು, ಹೌದು. ಆದರೆ ತಿರುವಿನ ಆಚೆ ಏನಿದೆ ಅಂತ ಗೊತ್ತಿಲ್ಲದವನ ಧೈರ್ಯ ಮೊದಲ ಹತ್ತು ತಿರುವಿಗೇ ಮುಗಿದುಹೋಗುತ್ತದೆ. ಈ ಓಟದ ಅಸಲು ಬಂಡವಾಳ ನೆನಪು ಅನ್ನುವುದು ನನಗೆ ಖಚಿತವಾದದ್ದು ಶಿಖರದಲ್ಲಿ, ಮಗ್ಗಿ ತಡವರಿಸಿದ ಆ ಗಳಿಗೆಯಲ್ಲಿ.

ಮೇಲಿನ ಪಾಲಿನಲ್ಲಿ ಇನ್ನೊಂದು ತೊಡಕಿದೆ. ನೆಲದೊಳಗಿನ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಡಾಂಬರು ಅಲೆಯಲೆಯಾಗಿ ಎದ್ದಿದೆ. ವೇಗದಲ್ಲಿ ಬಂದ ಕಾರು ಆ ಉಬ್ಬುಗಳ ಮೇಲೆ ಕುಣಿಯುತ್ತದೆ, ಚಕ್ರ ಕ್ಷಣಮಾತ್ರ ನೆಲ ಬಿಡುತ್ತದೆ. ಬಾಟಮ್‌ಲೆಸ್ ಪಿಟ್ ಎಂಬ ಪ್ರಪಾತ ದಾಟಿದ ಮೇಲೆ ಒಂದು ಎಡ ತಿರುವು. ಅದರ ಮುಂಚೆ ರಸ್ತೆ ಉಬ್ಬಿದೆ, ಆಚೆ ಬರೀ ಆಕಾಶ. ಎಲ್ಲಿಗೆ ತಿರುಗಬೇಕು ಅನ್ನುವುದಕ್ಕೆ ಒಂದು ಮರವೂ ಗುರುತಿಗಿಲ್ಲ. ನಮ್ಮ ಚಾಲಕರು ಮೂರು ಸಲ ಓಡಿಸಿದರು, ಮೂರು ಸಲವೂ ಅಲ್ಲಿ ಆಕ್ಸಿಲರೇಟರ್‌ನಿಂದ ಕಾಲೆತ್ತಿದರು. ದೂರದಲ್ಲಿದ್ದ ನಮಗೂ ಎಂಜಿನ್ ಸದ್ದು ಅಲ್ಲಿ ಮುರಿದು ಮತ್ತೆ ಸೇರಿಕೊಳ್ಳುವುದು ಕೇಳಿಸಿತು.

ವಾಪಸ್ ಬಂದು ಹೆಲ್ಮೆಟ್ ತೆಗೆದವರು ಯಾರೂ ಕೇಳುವ ಮೊದಲೇ "ಆ ತಿರುವು ನನಗಿನ್ನೂ ಸಿಕ್ಕಿಲ್ಲ" ಅಂದರು.

ಗುರುವಾರ

ಕೆಳಗಿನ ಪಾಲು, ಅರ್ಹತಾ ಓಟ. ದಟ್ಟ ಮರಗಳ ನಡುವೆ ವೇಗದ ರಸ್ತೆ. ಬಿಸಿಲು ಮರಗಳ ಸಂದಿಯಿಂದ ಕಣ್ಣಿಗೆ ಹೊಡೆಯುತ್ತದೆ, ಮರುಕ್ಷಣ ನೆರಳು. ನನ್ನ ಕೆಲಸ ಟೈರುಗಳಿಗೆ ಬಿಸಿ ಹೊದಿಕೆ ಸುತ್ತುವುದು, ಹಸಿರು ಬಾವುಟಕ್ಕೆ ಸ್ವಲ್ಪ ಮುಂಚೆ ಬಿಚ್ಚಿಕೊಂಡು ಓಡಿಬರುವುದು. ಟೈರನ್ನು ಕಾಯಿಸಿಕೊಳ್ಳಲು ಇಲ್ಲಿ ಒಂದು ಸುತ್ತು ಸಿಗುವುದಿಲ್ಲ. ಮೊದಲ ತಿರುವಿಗೇ ಅದು ಹಿಡಿಯಬೇಕು. ತಣ್ಣಗಿನ ರೇಸಿಂಗ್ ಟೈರು ಮುಟ್ಟಿದರೆ ಮರದ ಹಾಗೆ ಗಡುಸು, ಕಾದದ್ದಕ್ಕೆ ಉಗುರು ಒತ್ತಿದರೆ ಗುರುತು ಮೂಡುತ್ತದೆ.

ಓಟ ಮುಗಿದ ಮೇಲೆ ತಮ್ಮ ಚಕ್ರದ ಸಂದಿಗೆ ಟಾರ್ಚ್ ಬಿಟ್ಟು ತೋರಿಸಿದ. ಬ್ರೇಕ್ ಡಿಸ್ಕಿನ ಅಂಚಿಗೆ ಹಸಿರು, ಕಿತ್ತಳೆ, ಕೆಂಪು ಬಣ್ಣದ ಮೂರು ಪಟ್ಟಿ ಬಳಿದಿದ್ದ. ಒಂದೊಂದು ಪಟ್ಟಿ ಒಂದೊಂದು ಬಿಸಿಗೆ ಸುಟ್ಟು ಬಣ್ಣ ಬದಲಿಸುತ್ತದೆ. ಹಸಿರು ಬೆಳ್ಳಗಾಗಿತ್ತು, ಕಿತ್ತಳೆ ಅಂಚಿನಲ್ಲಿ ಮಾತ್ರ ಮಾಸಿತ್ತು, ಕೆಂಪು ಹಾಗೇ ಇತ್ತು. ಏರುದಾರಿಯಲ್ಲಿ ಬೆಟ್ಟವೇ ಅರ್ಧ ಬ್ರೇಕು ಹಾಕುತ್ತದೆ, ಅದಕ್ಕೆ ಡಿಸ್ಕ್ ಅಷ್ಟು ಕಾಯುವುದಿಲ್ಲ ಅಂದ. ಬ್ರೇಕಿಗೆ ಕಷ್ಟ ಇಳಿಯುವಾಗಲೇ. ಪ್ರವಾಸಿಗರ ಕಾರುಗಳನ್ನು ಇಳಿಯುವಾಗ ಗ್ಲೆನ್ ಕೋವ್‌ನಲ್ಲಿ ನಿಲ್ಲಿಸಿ ಬ್ರೇಕಿನ ಬಿಸಿ ಅಳೆಯುತ್ತಾರೆ, ಹೆಚ್ಚಾಗಿದ್ದರೆ ಆರುವ ತನಕ ಪಕ್ಕದಲ್ಲೇ ನಿಲ್ಲಬೇಕು.

ಶುಕ್ರವಾರ

ಸಂಜೆ ಊರ ನಡುವಿನ ಬೀದಿಯಲ್ಲಿ ಹಬ್ಬ. ರೇಸ್ ಕಾರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿರುತ್ತಾರೆ. ಮಕ್ಕಳು ಚಾಲಕರ ಹಸ್ತಾಕ್ಷರ ತೆಗೆದುಕೊಳ್ಳಲು ಪೋಸ್ಟರ್ ಹಿಡಿದು ನಿಂತಿದ್ದರು. ಲಾರಿ ಗ್ಯಾರೇಜಿನ ನಮ್ಮವರು ಒಂದೊಂದು ಮಗುವಿನ ಹೆಸರನ್ನೂ ಕೇಳಿ, ಕಾಗುಣಿತ ಸರಿಯಿದೆಯೇ ಅಂತ ತೋರಿಸಿ ಬರೆದುಕೊಡುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ಹಳೆಯ ಮಾತು ತೆಗೆದರು. ಇಲ್ಲಿನ ಉದ್ಯಮಿ ಸ್ಪೆನ್ಸರ್ ಪೆನ್ರೋಸ್ ಶಿಖರದವರೆಗೆ ಮೋಟಾರು ರಸ್ತೆ ಮಾಡಿಸಿ, ಅದಕ್ಕೆ ಪ್ರಚಾರವಾಗಲಿ ಅಂತ 1916ರಲ್ಲಿ ಈ ಓಟ ಶುರುಮಾಡಿದರು. ಮೊದಲ ವರ್ಷ ಗೆದ್ದ ರೇ ಲೆಂಟ್ಸ್ ತೆಗೆದುಕೊಂಡದ್ದು ಸುಮಾರು 21 ನಿಮಿಷ. ಆಮೇಲೆ ಬೆಟ್ಟ ಅನ್ಸರ್ ಮನೆತನದ ಸ್ವತ್ತೇ ಆಗಿಹೋಯಿತು, ಬಾಬಿ ಅನ್ಸರ್ ಒಬ್ಬರೇ ಹತ್ತು ಸಲ ಎಲ್ಲರಿಗಿಂತ ಬೇಗ ಹತ್ತಿ ಬೆಟ್ಟ ಗೆದ್ದರು. 1985ರಲ್ಲಿ ಫ್ರಾನ್ಸಿನ ಮಿಷೆಲ್ ಮುಟೋ ಆಡಿ ಕಾರಿನಲ್ಲಿ 11 ನಿಮಿಷ 25.39 ಸೆಕೆಂಡಿಗೆ ಹತ್ತಿ ದಾಖಲೆ ಮುರಿದರು, ಬೆಟ್ಟ ಗೆದ್ದ ಮೊದಲ ಮಹಿಳೆ. ಮರುವರ್ಷ ಬಾಬಿ ಅನ್ಸರ್ ಬಂದು ಅದನ್ನು ಹಿಂದಕ್ಕೆ ಪಡೆದರು. 1987ರಲ್ಲಿ ವಾಲ್ಟರ್ ರೋರ್ಲ್, 1988ರಲ್ಲಿ ಆರಿ ವಟಾನೆನ್. ಈ ಇಬ್ಬರ ನಡುವಿನ ಅಂತರ 0.63 ಸೆಕೆಂಡು, ಅದೂ ಜಲ್ಲಿಮಣ್ಣಿನ ರಸ್ತೆಯ ಮೇಲೆ.

ಹೌದು, ಆಗ ಇಲ್ಲಿ ಡಾಂಬರು ಇರಲಿಲ್ಲ. ರಸ್ತೆಯ ಜಲ್ಲಿ ಮಳೆಗೆ ಕೊಚ್ಚಿಹೋಗಿ ತೊರೆಗಳನ್ನು ಹೂಳುತ್ತಿದೆ ಅಂತ ಪರಿಸರದವರು ಕೋರ್ಟಿಗೆ ಹೋದರು. ಆಮೇಲೆ ತುಂಡು ತುಂಡಾಗಿ ಡಾಂಬರು ಬಿದ್ದು, 2012ರ ಓಟ ಪೂರ್ತಿ ಡಾಂಬರಿನ ಮೇಲೆ ನಡೆಯಿತು. ಮರುವರ್ಷವೇ ಸೆಬಾಸ್ಟಿಯನ್ ಲೋಬ್, 875 ಕಿಲೋ ತೂಕ, 875 ಅಶ್ವಶಕ್ತಿಯ ಪ್ಯೂಜೊದಲ್ಲಿ 8 ನಿಮಿಷ 13.878 ಸೆಕೆಂಡಿಗೆ ಹತ್ತಿದರು. ಮಣ್ಣು ಹೋದದ್ದಕ್ಕೆ ಕೊರಗುವ ಹಳಬರು ಬಹಳ ಮಂದಿ ಇದ್ದಾರೆ, ಆ ಅಜ್ಜನೂ ಅವರಲ್ಲಿ ಒಬ್ಬರು. ಧೂಳೆಬ್ಬಿಸಿ ಅಡ್ಡಡ್ಡ ಜಾರುವ ಕಾರಿನ ಚೆಂದ ನನಗೂ ಗೊತ್ತು. ಆದರೂ ತೊರೆಗಳ ಪರವೇ ನನ್ನ ಮತ. ಡಾಂಬರು ಓಟವನ್ನು ಸುಲಭ ಮಾಡಲಿಲ್ಲ, ತಪ್ಪಿಗೆ ಸಿಗುತ್ತಿದ್ದ ಸಮಯವನ್ನು ಕಿತ್ತುಕೊಂಡಿತು.

ಶನಿವಾರ

ಬಿಡುವಿನ ದಿನ. ಕಾರಿನ ಒಂದೊಂದು ಬೋಲ್ಟಿಗೂ ತಮ್ಮ ಬಿಳಿ ಗೆರೆ ಎಳೆಯುತ್ತಾ ಕೂತ. ಸಡಿಲವಾದರೆ ಗೆರೆ ಮುರಿದು ಕಾಣಿಸುತ್ತದೆ.

ಮಧ್ಯಾಹ್ನ ಚಾಲಕರು ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟು ಕುರ್ಚಿಯಲ್ಲಿ ಕೂತರು. "ಹೊರಟೆ" ಅಂದರು, ಒತ್ತಿದೆ. ಕಣ್ಣು ಮುಚ್ಚಿದ ಆ ಮುಖವನ್ನು ನಾನು ಹತ್ತಿರದಿಂದ ನೋಡುತ್ತಿದ್ದೆ. ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣುಗುಡ್ಡೆ ಆಡುತ್ತಿತ್ತು. ತಿರುವಿಗೆ ಮುಂಚೆ ತಲೆ ಕೂದಲೆಳೆಯಷ್ಟು ಆ ಕಡೆ ವಾಲುತ್ತಿತ್ತು, ಕೈ ಆಮೇಲೆ ಬರುತ್ತಿತ್ತು. ತುಟಿ ಗೇರಿನ ಸಂಖ್ಯೆ ಹೇಳಿಕೊಳ್ಳುತ್ತಿತ್ತು. ಡಬ್ಲ್ಯೂ ತಿರುವುಗಳು ಬಂದದ್ದು ಮೊಣಕೈ ನೋಡಿಯೇ ನನಗೂ ಗೊತ್ತಾಯಿತು. ಒಂಬತ್ತು ನಿಮಿಷದ ಆಸುಪಾಸಿನಲ್ಲಿ ಒಂದು ಕಡೆ ಕೈ ತಟಸ್ಥವಾಯಿತು, ಹುಬ್ಬು ಗಂಟಿಕ್ಕಿತು. ಮತ್ತೆ ಹೊರಟು ಶಿಖರ ಮುಟ್ಟಿ ಕಣ್ಣು ಬಿಟ್ಟರು.

"ಎಷ್ಟು?"

"ಹನ್ನೊಂದು ನಿಮಿಷ ಆರು ಸೆಕೆಂಡು."

"ಆರು ಹೆಚ್ಚಾಯಿತು" ಅಂದರು. ಹನ್ನೊಂದರೊಳಗೆ ಬರಬೇಕು ಅನ್ನುವುದು ಅವರ ಮೂರು ವರ್ಷದ ಆಸೆ.

ಭಾನುವಾರ

ಪ್ರೇಕ್ಷಕರು ಕತ್ತಲಿರುವಾಗಲೇ ಮೇಲೆ ಹೋಗಿಬಿಡಬೇಕು, ಓಟವೆಲ್ಲ ಮುಗಿಯುವ ತನಕ ಇಳಿಯುವಂತಿಲ್ಲ. ನನ್ನನ್ನು ತಮ್ಮ ಡೆವಿಲ್ಸ್ ಪ್ಲೇಗ್ರೌಂಡ್‌ಗೆ ಕಳಿಸಿದ. ಗುಡುಗು ಮಳೆಯಲ್ಲಿ ಮಿಂಚು ಬಂಡೆಯಿಂದ ಬಂಡೆಗೆ ನೆಗೆಯುತ್ತದೆ ಅಂತ ಈ ಜಾಗಕ್ಕೆ ದೆವ್ವದ ಆಟದ ಬಯಲು ಅನ್ನುವ ಹೆಸರು. ಎರಡು ಸ್ವೆಟರ್, ಅದರ ಮೇಲೆ ಕೋಟು ಹಾಕಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಪೂರ್ವದ ಬಯಲಿನ ಅಂಚಿನಲ್ಲಿ ಸೂರ್ಯ ಹುಟ್ಟಿದಾಗ ಜನರೆಲ್ಲ ಒಂದು ಕ್ಷಣ ಮಾತು ನಿಲ್ಲಿಸಿದರು. ಬಂಡೆ ಸಂದಿಯಿಂದ ಮಾರ್ಮಟ್ ಅನ್ನುವ ದಪ್ಪ ಅಳಿಲಿನಂಥ ಪ್ರಾಣಿಯೊಂದು ತಲೆ ಹಾಕಿ ನೋಡಿತು. ಅವು ರಸ್ತೆಗೂ ನುಗ್ಗುತ್ತವೆ, ಚಾಲಕರಿಗೆ ಅದೂ ಒಂದು ಭಯ.

ಬೆಟ್ಟದ ರೇಸನ್ನು ಕಣ್ಣಿಗಿಂತ ಮೊದಲು ಕಿವಿ ನೋಡುತ್ತದೆ. ಕೆಳಗೆ ಎಲ್ಲೋ ಜೇನುಹುಳದ ಗುಂಯ್ ಅನ್ನುವಷ್ಟು ಸದ್ದು. ಬಂಡೆಗೆ ಬಡಿದು ದೊಡ್ಡದಾಗುತ್ತದೆ, ತಿರುವಿನ ಮರೆಯಲ್ಲಿ ಅಡಗುತ್ತದೆ, ಮತ್ತೆ ಇನ್ನೂ ಹತ್ತಿರದಲ್ಲಿ ಸಿಡಿಯುತ್ತದೆ. ಆಮೇಲೆ ಒಮ್ಮೆಗೇ ಕಾರು ಎದುರಿಗೆ. ಎದೆಗೂಡು ನಡುಗುವಷ್ಟು ಸದ್ದು, ಕಾದ ರಬ್ಬರಿನ ವಾಸನೆ, ಕಾಲಿಗೆ ತಗಲುವ ಪುಟ್ಟ ಕಲ್ಲು, ನಾಲ್ಕೇ ಸೆಕೆಂಡು. ಹೋಯಿತು. ವಿದ್ಯುತ್ ಕಾರು ಬಂದಾಗ ಕೇಳಿಸಿದ್ದು ಟೈರಿನ ಚೀರು, ರೆಕ್ಕೆ ಗಾಳಿ ಸೀಳುವ ಸದ್ದು, ಜೊತೆಗೆ ದಾರಿ ಬಿಡಿ ಅನ್ನಲು ಹಾಕಿದ ಸೈರನ್.

ನಮ್ಮವರ ಸರದಿ ಬರುವ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಫೋನು ಮಾಡಿದರೆ ಸಿಗ್ನಲ್ ಇಲ್ಲ. ಧ್ವನಿವರ್ಧಕದಲ್ಲಿ ನಂಬರ್ ಕೂಗಿದರು. ಅಲ್ಲಿಂದ ನಾನು ಬೆರಳು ಮಡಚುತ್ತಾ ಕುರ್ಚಿಯ ಓಟವನ್ನೇ ಓಡುತ್ತಿದ್ದೆ. ಈಗ ಮರಗಳ ನಡುವೆ, ಈಗ ಗ್ಲೆನ್ ಕೋವ್, ಈಗ ಡಬ್ಲ್ಯೂ. ಕೆಳಗಿನಿಂದ ಸದ್ದು ಕೇಳಿತು, ನಾನು ಎಣಿಸಿದ್ದಕ್ಕಿಂತ ಬೇಗ. ಕಾರು ಕಂಡಿತು. ಒಳಗಿನ ಅಂಚನ್ನು ಸವರಿಕೊಂಡು, ಒಂದಿಷ್ಟೂ ಅಲುಗದೆ, ಗೆರೆ ಎಳೆದ ಹಾಗೆ ನನ್ನ ಮುಂದೆ ಹಾದುಹೋಯಿತು. ಪಕ್ಕದಲ್ಲಿದ್ದ ಅಪರಿಚಿತರ ಭುಜವನ್ನು ನಾನು ಹಿಡಿದುಕೊಂಡಿದ್ದೆ ಅನ್ನುವುದು ಆಮೇಲೆ ತಿಳಿಯಿತು.

ಕಾರು ಮರೆಯಾಯಿತು. ಕಿವಿ ಮಾತ್ರ ಅದರ ಹಿಂದೆ ಹೋಯಿತು. ಗೇರು ಬದಲಾಯಿತು, ಮತ್ತೊಂದು, ಪ್ರಪಾತದ ಕಡೆಗೆ. ಆ ಉಬ್ಬು ಬರುವ ಹೊತ್ತು. ಸದ್ದು ಮುರಿಯಲಿಲ್ಲ. ಮುರಿಯಲಿಲ್ಲ ಅಂತ ಖುಷಿಪಡುವಷ್ಟರಲ್ಲಿ ಒಂದು ಚೂರು, ಬಿಕ್ಕಳಿಕೆಯಷ್ಟು, ಕಾಲೆತ್ತಿದ್ದು ಕೇಳಿಸಿತು. ಮತ್ತೆ ಪೂರ್ತಿ ತುಳಿತ.

10 ನಿಮಿಷ 58 ಸೆಕೆಂಡು ಅಂತ ಕೂಗಿದರು. ನನಗೆ ಕಣ್ಣು ತುಂಬಿ ಬಂತು.

ಅವರ ಹಿಂದೆ ಹೊರಟ ಕೆಲವು ಕಾರುಗಳಾದ ಮೇಲೆ ಆಲಿಕಲ್ಲು ಬಿತ್ತು. ಶಿಖರ ಬೆಳ್ಳಗಾಯಿತು, ಓಟ ನಿಂತು ಕಾಯಬೇಕಾಯಿತು. ಅದೇ ರಸ್ತೆ, ಅದೇ ದಿನ, ಅರ್ಧ ಗಂಟೆಯ ಅಂತರ. ವರ್ಷವಿಡೀ ದುಡಿದು ಬಂದವರಿಗೆ ಒದ್ದೆ ಡಾಂಬರು ಸಿಕ್ಕಿತು. ಅವರಿಗೆ ಇನ್ನೊಂದು ಓಟ ಇಲ್ಲ, ಇದು ನನಗೆ ಈಗಲೂ ಸಂಕಟ ಕೊಡುತ್ತದೆ.

ಎಲ್ಲ ಮುಗಿದ ಮೇಲೆ, ಅಷ್ಟು ಹೊತ್ತು ಶಿಖರದಲ್ಲೇ ಕಾದಿದ್ದ ಕಾರುಗಳು ಸಾಲುಗಟ್ಟಿ ನಿಧಾನವಾಗಿ ಇಳಿದವು. ಜನ ರಸ್ತೆಯಂಚಿಗೆ ಬಂದು ಕೈ ಚಾಚಿದರು, ಚಾಲಕರು ಕಿಟಕಿಯಿಂದ ಕೈ ಹೊರಹಾಕಿ ಒಬ್ಬೊಬ್ಬರ ಅಂಗೈಗೂ ತಟ್ಟುತ್ತಾ ಬಂದರು. ನಮ್ಮವರ ಕೈಗವಸು ನನ್ನ ಅಂಗೈಗೆ ತಗಲಿದಾಗ ಅದು ಇನ್ನೂ ಬೆಚ್ಚಗಿತ್ತು.

ರಾತ್ರಿ ಮನೆಯಲ್ಲಿ ಊಟ, ನಗು, ಗಲಾಟೆ. ತಮ್ಮ ಬೋಲ್ಟಿನ ಗೆರೆಗಳನ್ನು ನೋಡಿ ಬಂದು, ಒಂದೂ ಮುರಿದಿಲ್ಲ ಅಂತ ಮೂರು ಸಲ ಹೇಳಿದ. ನೀರು ಕುಡಿಯಲು ಹೊರಗೆ ಬಂದೆ. ಅಂಗಳದ ದೀಪ ಆರಿಸಿತ್ತು. ಕತ್ತಲಲ್ಲಿ ಕುರ್ಚಿಯ ಮೇಲೆ ಅವರು ಕೂತಿದ್ದರು, ಕಣ್ಣು ಮುಚ್ಚಿ. ಎರಡೂ ಕೈ ಎಡಕ್ಕೆ ತಿರುಗಿ ಒಂದು ಕ್ಷಣ ನಿಂತವು. ಹಿಂದಕ್ಕೆ ಬಂದವು. ಮತ್ತೆ ಅದೇ ತಿರುವು.